ಹೊಸ್ತಿನ ಊಟ ಆಯಿತು, ಈಗ ಹತ್ತು ಪ್ರಶ್ನೆ

ಚೌತಿ ಕಳೆದು ಆಶ್ವಯುಜ ಮಾಸ ಕಾಲಿಡುವ ಹೊತ್ತಿಗೆ ನಮ್ಮ ಕರಾವಳಿಯ ಮಳೆ ಸೋತು ಹೋಗಿರುತ್ತದೆ. ಹಗಲಿಗೆ ಚುರುಕು ಬಿಸಿಲು, ಸಂಜೆಗೆ ಒಮ್ಮೊಮ್ಮೆ ಗುಡುಗು ಮಿಂಚು. ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗೆ ಗದ್ದೆಗಳಲ್ಲಿ ತೆನೆ ಬಾಗಿ ಹಳದಿಗೆ ತಿರುಗಿರುತ್ತದೆ. ಕದಿರು ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ‘ಹೊಸ್ತು’, ನವರಾತ್ರಿ, ಆಯುಧಪೂಜೆ, ವಿಜಯದಶಮಿಗೆ ಕೊಲ್ಲೂರಿನಲ್ಲಿ ಪುಟ್ಟ ಮಕ್ಕಳ ವಿದ್ಯಾರಂಭ, ನವೆಂಬರ್ ಒಂದರ ರಾಜ್ಯೋತ್ಸವ, ದೀಪಾವಳಿ, ಹೀಗೆ ಶರದೃತು ಎಂದರೆ ನಮಗೆ ಹಬ್ಬಗಳ ಸಾಲು. ಮಕ್ಕಳಿಗೆ ದಸರೆ ರಜೆ. ಹೋಟೆಲು, ಕಚೇರಿ ಎಂದು ಬೆಂಗಳೂರು, ಮುಂಬಯಿ, ಹುಬ್ಬಳ್ಳಿಗಳಲ್ಲಿ ನೆಲೆ ನಿಂತವರು ರಾತ್ರಿ ಬಸ್ಸು, ರೈಲು ಹಿಡಿದು ಊರಿಗೆ ಬರುತ್ತಾರೆ. ವರ್ಷವಿಡೀ ಇಬ್ಬರು ಮುದುಕರು ಮಾತ್ರ ಇರುವ ದೊಡ್ಡ ಮನೆಯಲ್ಲಿ ಒಮ್ಮೆಲೇ ಹದಿನೈದು ಎಲೆ ಹಾಕಬೇಕಾಗುತ್ತದೆ.

ಇಂಥ ಸಮಯದಲ್ಲಿ ಆರೋಗ್ಯದ ಅಂಕಣವೆಂದರೆ ‘ಸಿಹಿ ಮಿತವಾಗಿರಲಿ, ಪಟಾಕಿ ಜೋಪಾನ’ ಎಂಬ ಉಪದೇಶ ಇರಲೇಬೇಕು. ಆ ಎರಡೂ ಮಾತು ನಿಜ, ದಯವಿಟ್ಟು ಪಾಲಿಸಿ. ಆದರೆ ಈ ವಾರ ಹೇಳಹೊರಟಿರುವುದು ಬೇರೊಂದು ಸಂಗತಿ. ಹಬ್ಬದ ಊಟ ಮುಗಿದು, ಕವಳ ಹಾಕಿಕೊಂಡು, ಎಲ್ಲರೂ ಚಾವಡಿಯಲ್ಲಿ ಕೂರುವ ಒಂದು ಗಂಟೆಯಿದೆಯಲ್ಲ, ಆ ಹೊತ್ತಿನಲ್ಲಿ ಆಡುವ ಮಾತಿನ ಬಗ್ಗೆ. ಈಗ ಆ ಗಂಟೆಯಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು. ಅಜ್ಜಿ ಮೂಲೆಯಲ್ಲಿ ಕೂತು ಎಲ್ಲರ ಮುಖ ನೋಡುತ್ತಿರುತ್ತಾರೆ. ಆ ಹೊತ್ತಿನಲ್ಲಿ ಅವರನ್ನು ಹತ್ತು ಪ್ರಶ್ನೆ ಕೇಳಿದರೆ ರಜೆಯೂ ಸೊಗಸಾಗುತ್ತದೆ, ಮುಂದೆ ಮನೆಯಲ್ಲಿ ಯಾರದಾದರೂ ಪ್ರಾಣಕ್ಕೂ ಅದರಿಂದ ಉಪಕಾರವಾದೀತು.

‘ಅದೆಂತದೋ ವಾಯು ಅಂಬ್ರ್’

ವೈದ್ಯರ ಬಳಿ ಹೋದಾಗ ಅವರು ತಪ್ಪದೇ ಕೇಳುವ ಪ್ರಶ್ನೆಯೊಂದಿದೆ: “ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಇದೆಯೇ?” ನಮ್ಮ ಕಡೆ ಇದಕ್ಕೆ ಹೆಚ್ಚಾಗಿ ಸಿಗುವ ಉತ್ತರ, “ಎಂತದೂ ಗೊತ್ತಿಲ್ಲೆ ಡಾಕ್ಟ್ರೆ.” ಅದು ನಾಚಿಕೆಯ ಉತ್ತರವಲ್ಲ, ನಿಜವಾಗಿಯೂ ಗೊತ್ತಿರುವುದಿಲ್ಲ. ಹದಿನಾರು ವರ್ಷಕ್ಕೇ ಊರು ಬಿಟ್ಟು ಹೋಟೆಲು ಸೇರಿದ ಹುಡುಗನಿಗೆ ಅಜ್ಜ ಹೇಗೆ ತೀರಿಕೊಂಡರೆಂದು ಯಾರು ಹೇಳಿರುತ್ತಾರೆ?

ಒಂದು ದೀಪಾವಳಿಯ ಸಮಯ ಬೆಂಗಳೂರಿನಿಂದ ಬಂದಿದ್ದ ಮೂವತ್ತಾರರ ಯುವಕನೊಬ್ಬ ಎದೆಯುರಿ ಎಂದು ನನ್ನಲ್ಲಿಗೆ ಬಂದಿದ್ದ. ನೋಡಿದರೆ ಅದು ಬರೀ ಆಮ್ಲದ ಉರಿ. ತಂದೆಯ ಬಗ್ಗೆ ಕೇಳಿದೆ. “ನಾನು ಸಣ್ಣವನಿದ್ದಾಗಲೇ ಹೋದರು, ಅದೆಂತದೋ ವಾಯು ಅಂಬ್ರ್” ಎಂದ. ಜೊತೆಗೆ ಬಂದಿದ್ದ ತಾಯಿಯನ್ನು ಕೇಳಿದಾಗ ವಿಷಯ ಬಿಚ್ಚಿಕೊಂಡಿತು. ವಯಸ್ಸು ನಲವತ್ತೇಳು. ಗದ್ದೆಯಿಂದ ಬಂದವರು ಎದೆ ಹಿಂಡುತ್ತದೆ ಎಂದರಂತೆ. ಮೈಯೆಲ್ಲ ತಣ್ಣಗೆ ಬೆವರು, ಎಡಗೈ ಸೆಳೆತ. ಓಮಿನ ನೀರು ಕೊಟ್ಟು ಮಲಗಿಸಿದರಂತೆ. ಅವರು ಏಳಲಿಲ್ಲ. ವೈದ್ಯರ ಕಿವಿಗೆ ಇದು ಹೃದಯಾಘಾತದ ವರ್ಣನೆ. ಈ ಯುವಕನ ರಕ್ತದೊತ್ತಡ, ಕೊಲೆಸ್ಟರಾಲ್ ಪರೀಕ್ಷಿಸಿದಾಗ ಎರಡೂ ಹೆಚ್ಚಾಗಿಯೇ ಇದ್ದವು. ಅವನಿಗೇನೂ ಕಷ್ಟವೆನಿಸುತ್ತಿರಲಿಲ್ಲ. ಈಗ ಮದ್ದು ತೆಗೆದುಕೊಳ್ಳುತ್ತಾನೆ, ಸಿಗರೇಟು ಬಿಟ್ಟಿದ್ದಾನೆ. ತಾಯಿಗೆ ಅಷ್ಟೂ ವರ್ಷ ಗೊತ್ತಿದ್ದ ಸಂಗತಿ, ಆದರೆ ಮಗ ಕೇಳಿರಲಿಲ್ಲ, ತಾಯಿ ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ.

ಸುಗ್ಗಿಯ ಊಟ, ವಂಶದ ವಿಚಾರ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ‘ಥ್ಯಾಂಕ್ಸ್‌ಗಿವಿಂಗ್’ ಎಂಬ ಹಬ್ಬ. ಸುಗ್ಗಿಯ ಕೃತಜ್ಞತೆಗಾಗಿ ಮನೆಮಂದಿಯೆಲ್ಲ ಸೇರಿ ಉಣ್ಣುವುದು, ಹೆಚ್ಚು ಕಡಿಮೆ ನಮ್ಮ ಹೊಸ್ತಿನ ಹಾಗೆ. ಹೇಗೂ ಎಲ್ಲರೂ ಸೇರಿರುತ್ತಾರೆ, ಅಂದೇ ಕುಟುಂಬದ ಕಾಯಿಲೆಗಳ ಬಗ್ಗೆಯೂ ಮಾತಾಡಿ ಬರೆದಿಟ್ಟುಕೊಳ್ಳಲಿ ಎಂದು ಅಲ್ಲಿನ ಸರ್ಜನ್ ಜನರಲ್ 2004ರಲ್ಲಿ ಆ ದಿನವನ್ನೇ ‘ಕುಟುಂಬ ಆರೋಗ್ಯ ಚರಿತ್ರೆಯ ದಿನ’ ಎಂದು ಸಾರಿದರು.

ಅದೇ ದೇಶದ ಅಟ್ಲಾಂಟಾ ನಗರದ ಎಮರಿ ವಿಶ್ವವಿದ್ಯಾನಿಲಯದ ಇಬ್ಬರು ಮನಶ್ಶಾಸ್ತ್ರಜ್ಞರು, ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಷ್, ಮಕ್ಕಳಿಗಾಗಿ ಇಪ್ಪತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಮಾಡಿದರು. ಅಪ್ಪ ಅಮ್ಮ ಹೇಗೆ ಪರಿಚಯವಾದರು ಗೊತ್ತೇ, ಅಮ್ಮ ಬೆಳೆದ ಊರು ಯಾವುದು ಗೊತ್ತೇ, ಈ ಬಗೆಯ ಪ್ರಶ್ನೆಗಳು. ತಮ್ಮ ಮನೆತನದ ಕಥೆ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚು, ಬದುಕು ತಮ್ಮ ಹಿಡಿತದಲ್ಲಿದೆ ಎಂಬ ಧೈರ್ಯವೂ ಹೆಚ್ಚು ಎಂದು ಅವರು ಕಂಡರು. ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿದರು: ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ. ಆ ಕಥೆ ಹೇಳಲು, ಕೇಳಲು ಮನೆಯವರು ಎಷ್ಟು ಸಲ ಒಟ್ಟಿಗೆ ಕೂತಿದ್ದಾರೋ ಅದೇ ಮುಖ್ಯ.

ಒಟ್ಟಿಗೆ ಕೂತು ಮಾತು ಕೇಳುವ ಅಭ್ಯಾಸ ನಮ್ಮ ನವರಾತ್ರಿಗೆ ಹೊಸದಲ್ಲ. ಕುಂದಾಪುರ, ಬ್ರಹ್ಮಾವರ ಕಡೆಯ ‘ಹೂವಿನಕೋಲು’ ನೋಡಿದವರಿಗೆ ಇದು ಗೊತ್ತು. ಹೂವಿನಿಂದ ಸಿಂಗರಿಸಿದ ಕೋಲು ಹಿಡಿದ ಬಾಲಕರು ಭಾಗವತರು, ಮದ್ದಳೆಯವರೊಂದಿಗೆ ಮನೆಮನೆಗೆ ಬಂದು ಚಾವಡಿಯಲ್ಲಿ ಎದುರುಬದುರು ಕೂರುತ್ತಾರೆ. ಯಕ್ಷಗಾನ ಪ್ರಸಂಗದ ಪದ್ಯಕ್ಕೆ ಒಬ್ಬ ಅರ್ಥ ಹೇಳಿ ಪ್ರಶ್ನೆ ಹಾಕುತ್ತಾನೆ, ಇನ್ನೊಬ್ಬ ಉತ್ತರ ಕೊಡುತ್ತಾನೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಟ್ಟು ಕಳಿಸುತ್ತಾರೆ. ಮೊದಲಿನಷ್ಟು ತಂಡಗಳು ಈಗಿಲ್ಲವಾದರೂ ಕೆಲವರು ಶ್ರದ್ಧೆಯಿಂದ ಇದನ್ನು ಉಳಿಸಿಕೊಂಡು ಬಂದಿದ್ದಾರೆ. ಆ ಹುಡುಗರು ಎದ್ದು ಹೋದ ಜಾಗದಲ್ಲಿ ಈಗ ಮೊಮ್ಮಗನನ್ನೂ ಅಜ್ಜಯ್ಯನನ್ನೂ ಕೂರಿಸಿ.

ಮೊದಲ ಐದು: ನಗಲು, ನೆನಪಿಸಲು

ಆರಂಭದಲ್ಲೇ ಕಾಯಿಲೆಯ ವಿಚಾರ ಎತ್ತಬೇಡಿ. ಹಿರಿಯರ ನಾಲಿಗೆ ಸಡಿಲಗೊಳ್ಳುವಂಥ ಪ್ರಶ್ನೆಗಳು ಮೊದಲು ಬರಲಿ.

1. “ಅಜ್ಜಯ್ಯ, ನೀವು ಹುಟ್ಟಿದ್ದು ಯಾವ ರಾಜ್ಯದಲ್ಲಿ?” ಮಕ್ಕಳಿಗೆ ಇದು ತಮಾಷೆಯಾಗಿ ಕಾಣುತ್ತದೆ. ಆದರೆ 1950ರ ದಶಕದ ಆರಂಭದಲ್ಲಿ ಬೈಂದೂರಿನಲ್ಲಿ ಹುಟ್ಟಿದವರು ಮದರಾಸು ರಾಜ್ಯದಲ್ಲಿ ಹುಟ್ಟಿದವರು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. 2018ರಲ್ಲಿ ಬೈಂದೂರು, ಬ್ರಹ್ಮಾವರ ತಾಲೂಕುಗಳಾದವು. ಒಂದೇ ಮನೆಯಲ್ಲಿ ಕೂತ ಅಜ್ಜಯ್ಯನ ವಿಳಾಸ ಎಷ್ಟು ಸಲ ಬದಲಾಯಿತು ಎಂದು ಮಕ್ಕಳು ಲೆಕ್ಕ ಹಾಕಲಿ.

2. “ಹೊಸ್ತಿಗೆ ಕದಿರಿನ ಜೊತೆ ಯಾವ್ಯಾವ ಎಲೆ ಸೇರಿಸಿ ಕಟ್ಟುತ್ತಿದ್ದಿರಿ? ಎಲ್ಲೆಲ್ಲಿ ಕಟ್ಟುತ್ತಿದ್ದಿರಿ?” ಕಂಬ, ತುಳಸಿಕಟ್ಟೆ, ಬಾವಿ, ಹಟ್ಟಿ ಎಂದು ಪಟ್ಟಿ ಬೆಳೆಯುತ್ತದೆ. ಒಂದೊಂದು ಮನೆಯ ಕ್ರಮ ಒಂದೊಂದು ಥರ.

3. “ಈ ಹೊಳೆಗೆ ಸೇತುವೆ ಆಗುವ ಮುಂಚೆ ಹೇಗೆ ದಾಟುತ್ತಿದ್ದಿರಿ? ಮಳೆಗಾಲದ ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಏನು ಮಾಡುತ್ತಿದ್ದಿರಿ?” ದೋಣಿ, ಕಡವು, ಹೆರಿಗೆ ಮಾಡಿಸುತ್ತಿದ್ದ ಅಜ್ಜಿಯರ ಕಥೆಗಳು ಇಲ್ಲಿಂದ ಹೊರಡುತ್ತವೆ.

4. “ನೀವು ಕೂತು ಬೆಳಗು ಮಾಡಿದ ಮೊದಲ ಆಟ ಯಾವುದು? ಯಾರ ವೇಷ ಇನ್ನೂ ಕಣ್ಣಿಗೆ ಕಟ್ಟಿದೆ?” ಇದನ್ನು ಕೇಳಿದರೆ ಕೆಲವು ಹಿರಿಯರು ಪದ್ಯವನ್ನೇ ಎತ್ತಿಕೊಂಡಾರು.

5. “ಅಪ್ಪಯ್ಯ ಶಾಲೆಯಲ್ಲಿ ಪೆಟ್ಟು ತಿಂದದ್ದು ಯಾಕೆ?” ಈ ಪ್ರಶ್ನೆಯನ್ನು ಅಪ್ಪಯ್ಯನ ಎದುರಿಗೇ ಅಜ್ಜಿಯಲ್ಲಿ ಕೇಳಬೇಕು.

ಇದು ಬರೀ ಕಾಲಹರಣ ಎಂದುಕೊಳ್ಳಬೇಡಿ. ಮುದುಕರು ಹಳೆಯದನ್ನೇ ಹೇಳುವುದನ್ನು ಮೊದಲು ಒಂದು ದೌರ್ಬಲ್ಯವೆಂದೇ ವೈದ್ಯರೂ ಭಾವಿಸುತ್ತಿದ್ದರು. ಬದುಕನ್ನು ಹಿಂತಿರುಗಿ ನೋಡುವುದು ಇಳಿವಯಸ್ಸಿನ ಸಹಜವಾದ, ಮನಸ್ಸಿಗೆ ಬೇಕಾದ ಕೆಲಸವೆಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಬರೆದರು. ಇದಾಗಿ ಐದು ವರ್ಷಕ್ಕೆ, 1968ರಲ್ಲಿ, ನಮ್ಮ ಕೋಟದ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಪ್ರಕಟವಾಯಿತು. ಆ ಕಾದಂಬರಿಯ ಉದ್ದಕ್ಕೂ ನಡೆಯುವುದು ಮೊಮ್ಮಗ ಸುಬ್ಬರಾಯ ಮತ್ತು ಅಜ್ಜಿಯ ಮಾತುಕತೆಯೇ. ಬಾಯಿ ತೆರೆಯದೆ ಮೂಕಿ ಎನಿಸಿಕೊಂಡ ಅಜ್ಜಿ, ಕೇಳುವ ಮೊಮ್ಮಗ ಸಿಕ್ಕಿದ್ದರಿಂದ ಮಾತಾಡಿದಳು.

ನಂತರದ ಐದು: ಬರೆದಿಡಲು

ನಗು ಮುಗಿದ ಮೇಲೆ, ಹಿರಿಯರಿಗೆ ಹಿತವೆನಿಸಿದ ಹೊತ್ತು ನೋಡಿ, ಇಬ್ಬರೋ ಮೂವರೋ ಕೂತು ಈ ಐದನ್ನು ಕೇಳಿ. ಕೈಯಲ್ಲಿ ಒಂದು ನೋಟುಬುಕ್ಕು ಇರಲಿ.

6. “ಅಜ್ಜ, ದೊಡ್ಡಪ್ಪ, ಅತ್ತೆಯವರೆಲ್ಲ ಯಾವ ವಯಸ್ಸಿನಲ್ಲಿ, ಹೇಗೆ ತೀರಿಕೊಂಡರು?” ರೋಗದ ಹೆಸರು ಹಿರಿಯರಿಗೆ ತಿಳಿಯದಿದ್ದರೂ ನಡೆದದ್ದು ನೆನಪಿರುತ್ತದೆ. ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ವಾಯು’ ಎಂದಲ್ಲಿ ಎದೆ ಬಿಗಿತ, ಬೆವರು ಇತ್ತೇ ಎಂದು ಕೇಳಿ, ಇದ್ದರೆ ಹೃದಯಾಘಾತದ ಸಂಶಯ. ‘ಬಾಯಿ ಓರೆಯಾಗಿ ಒಂದು ಬದಿ ಬಿದ್ದುಹೋಯಿತು’ ಎಂದರೆ ಪಾರ್ಶ್ವವಾಯು, ಅದರ ಹಿಂದೆ ಹೆಚ್ಚಾಗಿ ರಕ್ತದೊತ್ತಡ. ‘ಕಾಲಿನ ಹುಣ್ಣು ಮಾಗಲೇ ಇಲ್ಲ, ಬೆರಳು ತೆಗೆಸಿದರು’ ಎಂದರೆ ಸಕ್ಕರೆ ಕಾಯಿಲೆ ಇದ್ದಿರಬಹುದು. ‘ಮೈಯೆಲ್ಲ ಬಾತು ಮೂತ್ರ ಕಡಿಮೆಯಾಗಿತ್ತು’ ಎಂದರೆ ಮೂತ್ರಪಿಂಡ ಇಲ್ಲವೇ ಹೃದಯ. ‘ಅರಳು ಮರಳು’ ಎಂದರೆ ಮರೆವಿನ ಕಾಯಿಲೆ ಇದ್ದೀತು. ಇವೆಲ್ಲ ಊಹೆಗಳೇ, ಆದರೆ ವೈದ್ಯರಿಗೆ ದಾರಿ ತೋರುವ ಊಹೆಗಳು. ವಯಸ್ಸನ್ನು ಮರೆಯದೆ ಬರೆಯಿರಿ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕೆ ಮೊದಲು, ತಾಯಿ ಅಥವಾ ಅಕ್ಕತಂಗಿಯರಿಗೆ 65ಕ್ಕೆ ಮೊದಲು ಹೃದಯಾಘಾತವಾಗಿದ್ದರೆ ವೈದ್ಯರು ನಿಮ್ಮನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ತೊಂಬತ್ತಕ್ಕೆ ಆದದ್ದಕ್ಕೂ ನಲವತ್ತೇಳಕ್ಕೆ ಆದದ್ದಕ್ಕೂ ಅಜಗಜಾಂತರ.

7. “ಸಕ್ಕರೆ, ಬಿ.ಪಿ. ಯಾರ್ಯಾರಿಗಿದೆ? ಎಷ್ಟನೇ ವಯಸ್ಸಿಗೆ ಶುರುವಾಯಿತು?” ತಂದೆಗೋ ತಾಯಿಗೋ ಸಕ್ಕರೆ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಅಂಥವರು ಮೂವತ್ತರಿಂದಲೇ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಬಸುರಿನಲ್ಲಿ ಮಾತ್ರ ಸಕ್ಕರೆ ಏರಿ ಹೆರಿಗೆಯ ಮೇಲೆ ಇಳಿದಿದ್ದ ಹೆಂಗಸರೂ ಈ ಪಟ್ಟಿಯಲ್ಲಿ ಸೇರಬೇಕು.

8. “ವಯಸ್ಸಾದ ಮೇಲೆ ದೃಷ್ಟಿ ಪೂರ್ತಿ ಹೋದವರು ಯಾರಾದರೂ ಇದ್ದರೇ?” ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುತ್ತದೆ. ಗ್ಲಾಕೋಮಾ ಹಾಗಲ್ಲ. ಅದು ಕಣ್ಣಿನ ನರವನ್ನು ನೋವಿಲ್ಲದೆ ಹಾಳುಮಾಡುತ್ತದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಇದು ಮನೆತನದಲ್ಲಿ ಹರಿಯುವ ಕಾಯಿಲೆ. ಒಡಹುಟ್ಟಿದವರಿಗೆ ಇದ್ದರೆ ನಲವತ್ತಾದವರು ಕಣ್ಣಿನ ಒತ್ತಡವನ್ನು ಅಳೆಸಿಕೊಳ್ಳಲೇಬೇಕು.

9. “ಸ್ತನದ, ಅಂಡಾಶಯದ, ದೊಡ್ಡ ಕರುಳಿನ ಕ್ಯಾನ್ಸರ್ ಯಾರಿಗಾದರೂ ಆಗಿತ್ತೇ?” ಇಲ್ಲಿ ತಂದೆಯ ಕಡೆ, ತಾಯಿಯ ಕಡೆ ಎರಡನ್ನೂ ಕೇಳಬೇಕು. ನಮ್ಮಲ್ಲಿ ಕೆಲವರಿಗೆ ಬಳಿ ತಾಯಿಯಿಂದ, ಕೆಲವರಿಗೆ ಗೋತ್ರ ತಂದೆಯಿಂದ. ರೋಗಗಳಿಗೆ ಅಳಿಯಕಟ್ಟೂ ಇಲ್ಲ, ಮಕ್ಕಳಕಟ್ಟೂ ಇಲ್ಲ. ಸ್ತನ ಕ್ಯಾನ್ಸರಿನ ಸಂಭವ ತಂದೆಯ ಅಕ್ಕತಂಗಿಯರಿಂದಲೂ ಹರಿದುಬರಬಲ್ಲದು.

10. “ಯಾವ ಮದ್ದು ನಿಮಗೆ ಆಗುವುದಿಲ್ಲ? ಈಗ ಯಾವ ಮದ್ದು ತೆಗೆದುಕೊಳ್ಳುತ್ತಿದ್ದೀರಿ?” ಪೆನಿಸಿಲಿನ್ ಚುಚ್ಚಿದಾಗ ಮೈ ದದ್ದೆದ್ದು ಉಸಿರು ಕಟ್ಟಿದ್ದು ಮನೆಯಲ್ಲಿ ಒಬ್ಬರಿಗೆ ಮಾತ್ರ ನೆನಪಿರುತ್ತದೆ. ಆ ಒಬ್ಬರು ಜೊತೆಯಲ್ಲಿಲ್ಲದ ದಿನವೇ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಕಷ್ಟ. ಆಯುಧಪೂಜೆಗೆ ಕತ್ತಿ, ನೇಗಿಲು, ಬೈಕು, ಕಾರು ಎಲ್ಲವನ್ನೂ ಇಳಿಸಿ ತೊಳೆಯುತ್ತೇವಷ್ಟೆ. ಅಂದೇ ಅಮ್ಮನ ಮದ್ದಿನ ಡಬ್ಬಿಯನ್ನೂ ತೆರೆಯಿರಿ. ಅವಧಿ ಮುಗಿದವನ್ನು ತೆಗೆದುಹಾಕಿ. ಒಂದೇ ಮದ್ದು ಎರಡು ಹೆಸರಿನಲ್ಲಿ ಇದೆಯೇ ಎಂದು ವೈದ್ಯರಿಗೋ ಮದ್ದಿನಂಗಡಿಯವರಿಗೋ ತೋರಿಸಿ. ಯಾವುದನ್ನು, ಯಾವಾಗ, ಎಷ್ಟು ಎಂದು ದಪ್ಪ ಅಕ್ಷರದಲ್ಲಿ ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ.

ಒಂದು ಮಾತು ನೆನಪಿರಲಿ. ಅಪ್ಪನಿಗಿದ್ದ ಕಾಯಿಲೆ ಮಗನಿಗೆ ಬಂದೇ ಬರುತ್ತದೆ ಎಂದೇನೂ ಇಲ್ಲ. ಮನೆತನದ ಚರಿತ್ರೆ ಜಾತಕವಲ್ಲ. ಎಲ್ಲಿ ಜಾರುತ್ತದೆ ಎಂದು ಮೊದಲೇ ತಿಳಿದವನು ಅಲ್ಲಿ ಕಾಲು ಊರಿ ನಡೆಯುತ್ತಾನೆ, ಅಷ್ಟೇ ಇದರ ಉಪಯೋಗ.

ಉತ್ತರಿಸುವ ರೀತಿಯನ್ನೂ ಗಮನಿಸಿ

ವರ್ಷಕ್ಕೊಮ್ಮೆ ಬರುವ ಮಗ ಮಗಳಿಗೆ, ದಿನವೂ ಜೊತೆಗಿರುವವರಿಗೆ ಕಾಣದ್ದು ಕಾಣುತ್ತದೆ. ಹೋದ ವರ್ಷ ಎಲ್ಲರಿಗಿಂತ ಜೋರಾಗಿ ಮಾತಾಡಿದ ಅಪ್ಪಯ್ಯ ಈ ವರ್ಷ ಸುಮ್ಮನಿದ್ದಾರೆ ಎಂದರೆ ಸಿಟ್ಟಿನಿಂದಲೇ ಇರಬೇಕೆಂದಿಲ್ಲ. ಕಿವಿ ಮಂದವಾಗಿರಬಹುದು. ಗುಂಪಿನ ಮಾತಿನಲ್ಲಿ ಪದ ಹಿಡಿಯಲಾಗದವರು ಎರಡು ಮೂರು ಸಲ ತಪ್ಪು ಉತ್ತರ ಕೊಟ್ಟು, ಎಲ್ಲರೂ ನಕ್ಕ ಮೇಲೆ, ಮಾತನ್ನೇ ಬಿಟ್ಟುಬಿಡುತ್ತಾರೆ. ಇದು ಸಣ್ಣ ಸಂಗತಿಯಲ್ಲ. ಮರೆವಿನ ಕಾಯಿಲೆಗೆ ಕಾರಣವಾಗುವ, ನಾವು ತಿದ್ದಬಹುದಾದ ಹದಿನಾಲ್ಕು ಅಂಶಗಳನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಇವೆಲ್ಲವನ್ನೂ ತಿದ್ದಿದರೆ ಜಗತ್ತಿನ ಸುಮಾರು ನೂರಕ್ಕೆ 45 ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅವರ ಅಂದಾಜು. ಕಿವುಡು ಮತ್ತು ಒಂಟಿತನ ಎರಡೂ ಆ ಪಟ್ಟಿಯಲ್ಲಿವೆ. ಕಿವಿ ಪರೀಕ್ಷೆ ಮಾಡಿಸಿ. ಬರೀ ಗುಗ್ಗೆ ತುಂಬಿದ್ದರೆ ಅರ್ಧ ಗಂಟೆಯ ಕೆಲಸ.

ಮರೆವಿನಲ್ಲೂ ಎರಡು ಬಗೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಪರಿಚಿತರ ಹೆಸರು ತಟ್ಟನೆ ಬಾರದೆ ಸಂಜೆಗೆ ನೆನಪಾಗುವುದು ವಯಸ್ಸಿಗೆ ಸಹಜ. ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೇಳುವುದು, ಐವತ್ತು ವರ್ಷ ಮಾಡಿದ ಕೊಟ್ಟೆ ಕಡುಬಿನ ಹದವೇ ಮರೆತುಹೋಗುವುದು, ದಿನವೂ ಹೋಗುವ ದೇವಸ್ಥಾನದಿಂದ ಮನೆಗೆ ಬರಲು ದಾರಿ ತಪ್ಪುವುದು ಸಹಜವಲ್ಲ. ಹಾಗಿದ್ದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿರುವುದು, ಕೆಲವು ಮದ್ದುಗಳ ಪರಿಣಾಮ, ಇವುಗಳಿಂದ ಬಂದ ಮರೆವು ಚಿಕಿತ್ಸೆಗೆ ಬಗ್ಗುತ್ತದೆ.

ಒಂಟಿತನವನ್ನು ವೈದ್ಯವಿಜ್ಞಾನ ಈಗ ಗಂಭೀರವಾಗಿ ತೆಗೆದುಕೊಂಡಿದೆ. ಜಗತ್ತಿನಲ್ಲಿ ಆರರಲ್ಲೊಬ್ಬರು ಅದರಿಂದ ಬಳಲುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ವರದಿಯಲ್ಲಿ ಹೇಳಿದೆ. ವರ್ಷಕ್ಕೆ 8 ಲಕ್ಷ 71 ಸಾವಿರ ಸಾವುಗಳಿಗೆ ಅದರ ನಂಟಿದೆ ಎಂದೂ ಅಂದಾಜು ಮಾಡಿದೆ. ಮುದುಕರಷ್ಟೇ ಅಲ್ಲ, ಹರೆಯದವರೂ ಇದರಲ್ಲಿ ಬಹಳ ಮಂದಿ.

ಕೇಳಬಾರದ ಪ್ರಶ್ನೆಗಳು

“ಎಷ್ಟು ಮಾರ್ಕು?”, “ಸಂಬಳ ಎಷ್ಟು?”, “ಮದುವೆ ಯಾವಾಗ?”, “ಇನ್ನೂ ವಿಶೇಷ ಇಲ್ಲವಾ?” ಇವನ್ನು ಹಬ್ಬದ ಮನೆಯ ಹೊಸ್ತಿಲಾಚೆಗೇ ಬಿಡಿ. ಗರ್ಭ ನಿಲ್ಲದೆ ಕಣ್ಣೀರು ಹಾಕುತ್ತಿರುವ ಸೊಸೆಯೋ, ಕೆಲಸ ಕಳೆದುಕೊಂಡು ಮನೆಯಲ್ಲಿ ಹೇಳದೆ ಬಂದಿರುವ ಮಗನೋ ಆ ಪಂಕ್ತಿಯಲ್ಲಿ ಕೂತಿರಬಹುದು. ಇಂಥ ಪ್ರಶ್ನೆಗಳಿಗೆ ಹೆದರಿ ಹಬ್ಬಕ್ಕೆ ಊರಿಗೇ ಬಾರದ ಹುಡುಗ ಹುಡುಗಿಯರಿದ್ದಾರೆ. ಅವರನ್ನು ಬದಿಗೆ ಕರೆದು “ನಿದ್ದೆ ಸರಿ ಬರುತ್ತದಾ? ಊಟ ಸೇರುತ್ತದಾ?” ಎಂದು ಕೇಳಿ. ಕಷ್ಟದಲ್ಲಿರುವ ಮನಸ್ಸು ಹೆಚ್ಚಾಗಿ ಈ ಎರಡು ಬಾಗಿಲಿನಿಂದಲೇ ಹೊರಗೆ ಬರುತ್ತದೆ.

ಕೆಲವು ಮನೆಗಳಲ್ಲಿ ಯಾರೂ ಎತ್ತದ ಹೆಸರೊಂದಿರುತ್ತದೆ. ಜೀವ ಕಳೆದುಕೊಂಡ ಚಿಕ್ಕಪ್ಪ, ವರ್ಷಗಟ್ಟಲೆ ಕೋಣೆ ಬಿಟ್ಟು ಹೊರಬಾರದ ಅತ್ತೆ. ಸಂಬಂಧ ಕೂಡಿಬಾರದೆಂಬ ಭಯದಿಂದ ಅದನ್ನು ಮುಚ್ಚಿಡುತ್ತೇವೆ. ಊರಿಗೆಲ್ಲ ಹೇಳಬೇಕಾಗಿಲ್ಲ, ಪಂಕ್ತಿಯಲ್ಲಿ ಕೇಳುವುದೂ ಬೇಡ. ಆದರೆ ಮನೆಯ ಮಕ್ಕಳಿಗೆ, ವಯಸ್ಸಿಗೆ ಬಂದ ಮೇಲೆ, ತಿಳಿದಿರಬೇಕು. ಖಿನ್ನತೆಯೂ ಕೆಲವು ಮನೆತನಗಳಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆ, ಹಾಗೆಯೇ ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಬದುಕು ಬೇಡವೆನಿಸುತ್ತಿದೆ ಎಂದು ಯಾರಾದರೂ ಬಾಯಿಬಿಟ್ಟರೆ ಬೈಯದೆ ಕೇಳಿ, ಒಬ್ಬರನ್ನೇ ಬಿಡಬೇಡಿ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಹಗಲು ರಾತ್ರಿ ಉಚಿತವಾಗಿ ಸಲಹೆ ಕೊಡುವ ಸರಕಾರದ ‘ಟೆಲಿ ಮಾನಸ್’ ದೂರವಾಣಿ ಸಂಖ್ಯೆ 14416. ಕನ್ನಡದಲ್ಲೂ ಮಾತಾಡಬಹುದು.

ಊಟದ ಮೇಲಿನ ರಸಪ್ರಶ್ನೆ

ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಿಂದ ಮನೆಮಾತಾದ ಡಾ. ನಾ. ಸೋಮೇಶ್ವರ ಅವರೂ ವೈದ್ಯರೇ. ಆ ಧೈರ್ಯದಿಂದ ನಾನೂ ಮಕ್ಕಳಿಗಾಗಿ ಆರು ಪ್ರಶ್ನೆ ಇಟ್ಟಿದ್ದೇನೆ. ಉತ್ತರವನ್ನು ಕೈಯಿಂದ ಮುಚ್ಚಿ ಓದಿ.

ಪ್ರಶ್ನೆ: ಶರತ್ಕಾಲ ಎಂದರೆ ಎಲೆ ಉದುರುವ ಕಾಲವೇ?
ಉತ್ತರ: ಅದು ತಣ್ಣನೆಯ ದೇಶಗಳ ಲೆಕ್ಕ. ನಮ್ಮಲ್ಲಿ ಶರತ್ ಎಂದರೆ ತೆನೆ ಹಣ್ಣಾಗುವ ಕಾಲ. ಇಲ್ಲಿನ ಕಾಡುಮರಗಳು ಬಹುಪಾಲು ಎಲೆ ಉದುರಿಸುವುದು ಬೇಸಿಗೆಗೆ ಮುಂಚಿನ ಒಣ ತಿಂಗಳುಗಳಲ್ಲಿ.

ಪ್ರಶ್ನೆ: ವಯಸ್ಸನ್ನು ಹಿಂದಿನವರು ಯಾವ ಋತುವಿನಿಂದ ಎಣಿಸುತ್ತಿದ್ದರು?
ಉತ್ತರ: ವೇದದ ಆಶೀರ್ವಾದಗಳಲ್ಲಿ ನೂರು ವರ್ಷ ಬಾಳು ಎನ್ನಲು ನೂರು ಶರತ್ತು ಎಂದೇ ಹೇಳುತ್ತಾರೆ. ನಾವು ಬಳಸುವ ‘ವರ್ಷ’ ಎಂಬ ಮಾತಿಗೆ ಮಳೆ ಎಂಬ ಅರ್ಥವೂ ಇದೆ. ಮಳೆ ದಾಟಿ ಶರತ್ತು ಕಂಡವನಿಗೆ ಒಂದು ವರ್ಷ ಗೆದ್ದಂತೆ!

ಪ್ರಶ್ನೆ: ಅಕ್ಟೋಬರ್ 10ರ ವಿಶೇಷವೇನು?
ಉತ್ತರ: 1902ರ ಆ ದಿನ ಕೋಟದಲ್ಲಿ ಶಿವರಾಮ ಕಾರಂತರು ಹುಟ್ಟಿದರು. 1992ರಿಂದ ಅದು ವಿಶ್ವ ಮಾನಸಿಕ ಆರೋಗ್ಯ ದಿನವೂ ಹೌದು. ಮೇಲೆ ಹೇಳಿದ ಟೆಲಿ ಮಾನಸ್ ಸೇವೆ ಆರಂಭವಾದದ್ದೂ 2022ರ ಅದೇ ದಿನ.

ಪ್ರಶ್ನೆ: ನವೆಂಬರ್ 14 ಮಕ್ಕಳ ದಿನ. ಮತ್ತೇನು?
ಉತ್ತರ: ವಿಶ್ವ ಮಧುಮೇಹ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಕೆನಡಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ಆ ದಿನ. 1922ರ ಜನವರಿಯಲ್ಲಿ ಆ ಮದ್ದು ಮೊದಲು ಸಿಕ್ಕಿದ್ದು ಹದಿನಾಲ್ಕರ ಒಬ್ಬ ಹುಡುಗನಿಗೆ.

ಪ್ರಶ್ನೆ: ಭತ್ತವನ್ನು ಬೇಯಿಸಿ ಕುಚ್ಚಲಕ್ಕಿ ಮಾಡುವುದರಿಂದ ಏನು ಲಾಭ?
ಉತ್ತರ: ತವುಡಿನಲ್ಲಿರುವ ಬಿ ಜೀವಸತ್ವದ ಒಂದು ಪಾಲು ಬೇಯುವಾಗ ಕಾಳಿನೊಳಗೆ ಸೇರಿಕೊಳ್ಳುತ್ತದೆ. ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು ಜಾವಾ ದ್ವೀಪದಲ್ಲಿ ಗಮನಿಸಿದ ಡಚ್ ವೈದ್ಯ ಐಕ್ಮಾನ್‌ಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸಕ್ಕರೆ ಕಾಯಿಲೆಯವರು ಮಾತ್ರ ಕುಚ್ಚಲಕ್ಕಿ ಎಂದು ಎರಡು ಸಲ ಬಡಿಸಿಕೊಳ್ಳಬೇಡಿ, ಅದೂ ಅನ್ನವೇ.

ಪ್ರಶ್ನೆ: ಗಂಗೊಳ್ಳಿಯ ಬಳಿ ಸಮುದ್ರ ಸೇರುವ ಹೊಳೆಗಳ ಗುಂಪಿಗೆ ಪಂಚಗಂಗಾವಳಿ ಎಂದು ಹೆಸರು. ಆ ಐದು ಯಾವುವು?
ಉತ್ತರ: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ. ಐದನೆಯದನ್ನು ಅಜ್ಜಯ್ಯನನ್ನೇ ಕೇಳಿ.

ಈ ರಜೆಯಲ್ಲಿ ಇಷ್ಟು ಮಾಡಿ

ನೋಟುಬುಕ್ಕಿನ ಒಂದು ಪುಟದಲ್ಲಿ ಮೂರು ತಲೆಮಾರಿನ ಹೆಸರು ಬರೆಯಿರಿ. ಮೇಲೆ ಅಜ್ಜ ಅಜ್ಜಿಯರು, ಎರಡೂ ಕಡೆಯವರು. ಅವರ ಕೆಳಗೆ ಅಪ್ಪ ಅಮ್ಮ, ಅವರ ಒಡಹುಟ್ಟಿದವರು. ಕೊನೆಗೆ ನೀವು. ಪ್ರತಿ ಹೆಸರಿನ ಎದುರು ನಾಲ್ಕು ವಿಷಯ ಸಾಕು: ಈಗಿನ ವಯಸ್ಸು ಅಥವಾ ತೀರಿಕೊಂಡ ವಯಸ್ಸು, ಕಾಯಿಲೆ, ಅದು ಶುರುವಾದ ವಯಸ್ಸು, ಆಗದ ಮದ್ದು. ತಿಳಿಯದ ಕಡೆ ಜಾಗ ಬಿಡಿ. ದೀಪಾವಳಿಗೆ ಬರುವ ಅತ್ತೆಗೋ ಚಿಕ್ಕಮ್ಮನಿಗೋ ಅದು ಗೊತ್ತಿದ್ದೀತು. ಪುಟವನ್ನು ಪಂಚಾಂಗ ತೂಗುಹಾಕುವ ಮೊಳೆಯ ಬಳಿಯೇ ಇಡಿ. ಊರು ಬಿಟ್ಟು ಹೊರಡುವ ಪ್ರತಿಯೊಬ್ಬರೂ ಅದರ ಒಂದು ನಕಲು ತೆಗೆದುಕೊಂಡು ಹೋಗಲಿ, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಅದನ್ನು ಕಿಸೆಯಲ್ಲಿಟ್ಟುಕೊಳ್ಳಲಿ.

ಹೊರಡುವ ದಿನ ಚಕ್ಕುಲಿ, ಹಪ್ಪಳದ ಕಟ್ಟು ಕಟ್ಟಿಕೊಡುವ ಅಮ್ಮನಿಗೆ ಒಂದು ಮಾತು ಕೊಡಿ. ವಾರಕ್ಕೊಂದು ದಿನ ಫೋನು ಮಾಡಿ, “ಉಂಡಾಯ್ತಾ?” ಎಂದ ಮೇಲೆ ಇಂಥದೇ ಒಂದು ಪ್ರಶ್ನೆ ಕೇಳುತ್ತೇನೆ ಎಂದು ಹೇಳಿ. ಹತ್ತೂ ಪ್ರಶ್ನೆಗಳನ್ನು ಒಂದೇ ಹಬ್ಬದಲ್ಲಿ ಮುಗಿಸಬೇಕೆಂದಿಲ್ಲ.